ಮಾದರಿ ವಿಮಾನಕ್ಕೆ ಯಾವ ಎಂಜಿನು?

ದೇವದುರ್ಗದ ವಿದ್ಯಾರ್ಥಿಯೊಬ್ಬನು ಮಾದರಿ ವಿಮಾನವನ್ನು ಕಟ್ಟಿ, ಅದಕ್ಕೆ ಗ್ಲೋ ಎಂಜಿನು ಲೇಸೋ ಪೆಟ್ರೋಲ್ ಎಂಜಿನು ಲೇಸೋ ಎಂದು ನಮ್ಮನ್ನು ಕೇಳಿದನೆನ್ನೋಣ. ಹಣವಿರುವುದು ಒಂದಕ್ಕೆ ಮಾತ್ರ. ಆಯ್ಕೆ ತಪ್ಪಿದರೆ ವಿಮಾನ ಅಟ್ಟ ಸೇರುತ್ತದೆ.

ಗ್ಲೋ ಎಂಜಿನಿನಲ್ಲಿ ವಿದ್ಯುತ್ ಕಿಡಿಯಿಲ್ಲ. ಅದರ ಪ್ಲಗ್ಗಿನಲ್ಲಿ ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿಯಿರುತ್ತದೆ. ಮೊದಲು ಸುಮಾರು 1.5 ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಬೇಕು. ಎಂಜಿನು ಓಡತೊಡಗಿದ ಮೇಲೆ ಬ್ಯಾಟರಿ ಬೇಡ. ಪ್ಲಾಟಿನಂ ವೇಗವರ್ಧಕವಾಗಿ ವರ್ತಿಸಿ ಮೆಥನಾಲನ್ನು ತನ್ನ ಮೈಮೇಲೆಯೇ ಉತ್ಕರ್ಷಿಸುತ್ತದೆ. ದಹನದ ಶಾಖವೂ ಸೇರಿ ತಂತಿ ಕೆಂಡವಾಗಿಯೇ ಉಳಿಯುತ್ತದೆ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಇಂಥ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಪುಟ್ಟ ವಿಮಾನಗಳಿಗೆ ಕಿಡಿಯ ಸಲಕರಣೆಯ ಭಾರ ತಪ್ಪಿತು. ಪೆಟ್ರೋಲಿಗಾದರೋ ಕಿಡಿಯೇ ಬೇಕು.

ಕಿಲೋಗ್ರಾಂ ಪೆಟ್ರೋಲು ಸುಮಾರು 44 ಮೆಗಾಜೂಲ್ ಶಾಖವನ್ನು ಕೊಟ್ಟರೆ, ಮೆಥನಾಲು ಕೊಡುವುದು 20 ಮಾತ್ರ. ಆದ್ದರಿಂದ ಗ್ಲೋ ಎಂಜಿನು ಇಮ್ಮಡಿಗೂ ಹೆಚ್ಚು ಇಂಧನವನ್ನು ಕುಡಿಯುತ್ತದೆ. ಅದಕ್ಕೆ ಬೆರೆಸುವ ಕೀಲೆಣ್ಣೆಯೋ, ನಮ್ಮ ಕಡೆಯವರು ಬಲ್ಲ ಔಡಲೆಣ್ಣೆಯೇ! ಆದರೆ ಮೆಥನಾಲು ಕಿರಾಣಿ ಅಂಗಡಿಯ ಸರಕಲ್ಲ. ಅದು ಕಣ್ಣನ್ನೇ ಕಳೆಯಬಲ್ಲ ವಿಷ; ರಾಯಚೂರಿನ ಬಿಸಿಲಿನಲ್ಲಿ ಅದರ ಜ್ವಾಲೆ ಕಾಣಿಸುವುದೂ ಕಷ್ಟ.

ಪೆಟ್ರೋಲು ಮಾನ್ವಿಯ ಬಂಕಿನಲ್ಲಿಯೇ ದೊರೆಯುತ್ತದೆ. ಈಗ ಅದರಲ್ಲಿ ಶೇಕಡ 20ರವರೆಗೆ ಎಥನಾಲ್ ಇರುವುದರಿಂದ ತೇವವನ್ನು ಹೀರುತ್ತದೆ, ಕೆಲವು ಬಗೆಯ ರಬ್ಬರನ್ನು ಕೆಡಿಸುತ್ತದೆ. ಹಾರಾಟ ಮುಗಿದೊಡನೆ ಟ್ಯಾಂಕನ್ನು ಬರಿದುಮಾಡಬೇಕು.

ಎಂಜಿನು 10 ಘನ ಸೆಂಟಿಮೀಟರಿಗೆ ಒಳಗಿದ್ದರೆ ನಾವು ಗ್ಲೋವನ್ನೇ ಹೇಳುವೆವು; 20ನ್ನು ದಾಟಿದರೆ ಪೆಟ್ರೋಲನ್ನು. ನಡುವಿನದಕ್ಕೆ, ಮೆಥನಾಲು ಕೈಗೆ ಸಿಗದ ದೇವದುರ್ಗದಂಥ ಊರಿನಲ್ಲಿ, ತುಸು ಭಾರವಾದರೂ ಪೆಟ್ರೋಲೇ ಸರಿ.