ಹಳೆಯ ಅಮೆರಿಕನ್ ಪಿಕಪ್: ಮೊದಲು ಕಾಗದ, ಆಮೇಲೆ ಚಾಸಿ, ಕೊನೆಗೆ ಎಂಜಿನ್

ಹಳೆಯ ವಾಹನಗಳ ಬಗ್ಗೆ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ವೀಕ್ಷಕರಿಂದ ಬಂದ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಕಾಣಿಸಿತು. "ನಮ್ಮ ಕಡೆ ತೋಟದ ಶೆಡ್ಡಿನಲ್ಲಿ ಒಂದು ಹಳೆಯ ಪಿಕಪ್ ನಿಂತಿದೆ. ಮುಂದೆ ಜೀಪಿನ ಮುಖ, ಹಿಂದೆ ತೆರೆದ ಬಾಡಿ. ಮಾಲೀಕರು ಕೊಡಲು ಸಿದ್ಧರಿದ್ದಾರೆ. ತೆಗೆದುಕೊಳ್ಳಬಹುದೇ?" ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಈ ಪ್ರಶ್ನೆಗೆ ನ್ಯಾಯ ಸಲ್ಲಿಸಲು ಆಗಲಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ಚಿಕ್ಕದು. ತೆಗೆದುಕೊಳ್ಳಬಹುದು, ಆದರೆ ಒಂದು ಕ್ರಮವಿದೆ. ಮೊದಲು ಕಾಗದ ನೋಡಬೇಕು, ಆಮೇಲೆ ಚಾಸಿ ನೋಡಬೇಕು, ಕೊನೆಗೆ ಎಂಜಿನ್ ನೋಡಬೇಕು. ನಮ್ಮಲ್ಲಿ ಬಹುತೇಕರು ಇದನ್ನು ತಿರುವುಮುರುವು ಮಾಡುತ್ತಾರೆ. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಮನಸ್ಸು ಸೋತುಹೋಗುತ್ತದೆ.

ಭದ್ರಾವತಿಯಲ್ಲಿ ನನ್ನ ಸೋದರಮಾವನಿಗೆ ಆದದ್ದೂ ಇದೇ. ಅವರು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕಬ್ಬಿಣದ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. 1994ರಲ್ಲಿ ತೋಟವೊಂದರಿಂದ ಹಳೆಯ ವಿಲ್ಲೀಸ್ ಪಿಕಪ್ ತಂದರು. ಎಂಜಿನ್ ಸದ್ದು ಕೇಳಿ ದುಡ್ಡು ಎಣಿಸಿಕೊಟ್ಟರು. ಆರ್.ಸಿ. ಪುಸ್ತಕ ಕೇಳಿದರೆ, "ಕಾಗದ ಎಲ್ಲಿಗೆ ಹೋಗುತ್ತೆ ಮಾರಾಯ್ರೇ, ಮೊದಲು ಗಾಡಿ ತಗೊಂಡು ಹೋಗಿ" ಎಂದರಂತೆ. ಆ ಪುಸ್ತಕ ತೀರಿಕೊಂಡಿದ್ದ ಹಿರಿಯರ ಹೆಸರಿನಲ್ಲಿತ್ತು. ಮಕ್ಕಳಲ್ಲಿ ಆಸ್ತಿ ಜಗಳ. ಸಹಿ ಹಾಕುವವರು ಯಾರೂ ಇರಲಿಲ್ಲ. ಮಾವ ಆ ಗಾಡಿಯ ಒಂದೊಂದು ಬುಷ್ಷನ್ನೂ ಕೈಯಾರೆ ತಿರುಗಿಸಿ ಹಾಕಿದ್ದರು; ಆದರೂ ಅದು ಅವರ ಹೆಸರಿಗೆ ಬರಲೇ ಇಲ್ಲ. ಮನೆಯ ಹಿಂದಿನ ಹಲಸಿನ ಮರದ ಕೆಳಗೆ ಹನ್ನೆರಡು ವರ್ಷ ನಿಂತು, 2006ರಲ್ಲಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಸ್ಟಾರ್ಟ್ ಮಾಡುವ ಹ್ಯಾಂಡಲ್ ಮಾತ್ರ ಇಂದಿಗೂ ಅವರ ಮನೆಯಲ್ಲಿದೆ. ಈ ಲೇಖನ ನಿಮಗೆ ಅಂಥ ಹ್ಯಾಂಡಲ್ ಒಂದೇ ಉಳಿಯದಿರಲಿ ಎಂದು.

ಅಮೆರಿಕದ ಗಾಡಿ ಇಲ್ಲಿಗೆ ಬಂದದ್ದು ಹೇಗೆ?

ನಮ್ಮಲ್ಲಿ ಉಳಿದಿರುವ ಇಂಥ ಗಾಡಿಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು.

ಮೊದಲನೆಯದು ಫೋರ್ಡ್ ಮತ್ತು ಷೆವರ್ಲೆ. ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಜೋಡಿಸುವ ಕೆಲಸ ಆರಂಭಿಸಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಗೆಂದು ಬಂದ ವಾಹನಗಳು ಯುದ್ಧ ಮುಗಿದ ಮೇಲೆ ಹರಾಜಾಗಿ ಖಾಸಗಿಯವರ ಕೈ ಸೇರಿದವು. ಸ್ವಾತಂತ್ರ್ಯದ ನಂತರ, ಬರಿಯ ಜೋಡಣೆ ಸಾಲದು, ಬಿಡಿಭಾಗಗಳನ್ನೂ ಇಲ್ಲಿಯೇ ತಯಾರಿಸಬೇಕು ಎಂಬ ನೀತಿ ಬಂದಾಗ, 1950ರ ದಶಕದ ಮಧ್ಯದ ಹೊತ್ತಿಗೆ ಈ ಎರಡು ಕಂಪನಿಗಳೂ ಇಲ್ಲಿನ ಜೋಡಣೆ ನಿಲ್ಲಿಸಿದವು. ಹಾಗಾಗಿ ಇವುಗಳ ಬಿಡಿಭಾಗ ಹುಡುಕುವುದು ಇಂದು ತಪಸ್ಸೇ ಸರಿ.

ಎರಡನೆಯದು ಡಾಡ್ಜ್, ಫಾರ್ಗೋ, ಡಿಸೋಟೊ. ಹೆಸರು ಮೂರಾದರೂ ಮನೆತನ ಒಂದೇ, ಕ್ರೈಸ್ಲರ್. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಇವನ್ನು ಮುಂಬಯಿಯ ಕುರ್ಲಾದಲ್ಲಿ ಕಟ್ಟುತ್ತಿತ್ತು. ಒಂದರ ಭಾಗ ಇನ್ನೊಂದಕ್ಕೆ ಹೊಂದುವುದು ಸಾಮಾನ್ಯ. ಹುಡುಕುವಾಗ ಮೂರು ಹೆಸರನ್ನೂ ಹೇಳಿ ಕೇಳಿ.

ಮೂರನೆಯದು ಮಲೆನಾಡಿನವರಿಗೆಲ್ಲ ಪರಿಚಿತವಾದ ವಿಲ್ಲೀಸ್. ಅಮೆರಿಕದಲ್ಲಿ 1947ರಿಂದ 1965ರವರೆಗೆ ತಯಾರಾದ ವಿಲ್ಲೀಸ್ ಪಿಕಪ್ ಎಂದರೆ ಜೀಪನ್ನೇ ಉದ್ದ ಮಾಡಿ ಹಿಂದೆ ಬಾಡಿ ಕೂರಿಸಿದಂತೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 118 ಇಂಚು, ಸುಮಾರು ಮೂರು ಮೀಟರ್. ಇದರ ತಮ್ಮನಂತೆ 1950ರ ದಶಕದ ಕೊನೆಗೆ ಬಂದದ್ದು ಚಾಲಕ ಎಂಜಿನ್ ಮೇಲೆಯೇ ಕುಳಿತಂತಿರುವ, ಮೂಗಿಲ್ಲದ 'ಫಾರ್ವರ್ಡ್ ಕಂಟ್ರೋಲ್' ಪಿಕಪ್. ಇದನ್ನು 1960ರ ದಶಕದಲ್ಲಿ ಮಹೀಂದ್ರ ಕಂಪನಿ ಭಾರತದಲ್ಲಿಯೇ ಕಟ್ಟತೊಡಗಿತು. ವಿಲ್ಲೀಸ್ ಮೂಲದ ಜೀಪುಗಳನ್ನು ಅದೇ ಕಂಪನಿ ದಶಕಗಳ ಕಾಲ ತಯಾರಿಸಿದ್ದರಿಂದ ಈ ಕುಟುಂಬದ ಹಲವು ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಮೊದಲ ಬಾರಿಗೆ ಕೊಳ್ಳುವವರಿಗೆ ನನ್ನ ಸಲಹೆ ಇದೇ ಗುಂಪು.

ಕಾಗದ ಓದುವುದು

ಆರ್.ಸಿ.ಯಲ್ಲಿ ಮೂರು ಸಂಗತಿಗಳನ್ನು ಗಾಡಿಯ ಜೊತೆ ಹೋಲಿಸಿ: ಚಾಸಿ ನಂಬರು, ಎಂಜಿನ್ ನಂಬರು, ವಾಹನದ ವರ್ಗ.

ಚಾಸಿ ನಂಬರು ಎಂದರೆ ಗಾಡಿಯ ಜಾತಕ. ಅದು ಹೊಂದದಿದ್ದರೆ ಅಲ್ಲಿಗೇ ಕೈಮುಗಿದು ಬನ್ನಿ. ಎಂಜಿನ್ ನಂಬರು ಹೊಂದದಿರುವುದು ನಮ್ಮಲ್ಲಿ ಸಾಮಾನ್ಯ. ಪೆಟ್ರೋಲ್ ದುಬಾರಿಯೆಂದು ಎಷ್ಟೋ ಜನ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಹಾಗೆ ಬದಲಿಸಿದ್ದನ್ನು ಆರ್‌ಟಿಓ ಅನುಮತಿ ಪಡೆದು ಆರ್.ಸಿ.ಯಲ್ಲಿ ನಮೂದಿಸಿರಬೇಕು. ನಮೂದಾಗಿಲ್ಲವಾದರೆ ಅದನ್ನು ಸರಿಪಡಿಸಿಕೊಡುವ ಹೊಣೆ ಮಾರುವವರದು; ಸರಿಯಾದ ಮೇಲೆಯೇ ಹಣ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಅವರು ನಿಮಗೆ ಮಾರಬೇಕು; ಅದಕ್ಕೆ ಫಾರಂ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಓ ಕೊಡುವ ನಿರಾಕ್ಷೇಪಣಾ ಪತ್ರವೂ ಬೇಕು. ನಡುವೆ ಒಂದು ಕೊಂಡಿ ಬಿಟ್ಟುಹೋದರೂ ಸರಪಳಿ ಕಡಿದಂತೆ. ನನ್ನ ಮಾವನ ಗಾಡಿಯಲ್ಲಿ ಕಡಿದದ್ದು ಇದೇ ಕೊಂಡಿ.

ಇನ್ನು ವರ್ಗ. ಇಲ್ಲಿ ಪಿಕಪ್ ಕೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು; ಮೂಲ ರೂಪದಲ್ಲಿರಬೇಕು; ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, 10 ವರ್ಷದ ಮಾನ್ಯತೆ, ನಂತರ ನವೀಕರಿಸಲು 5,000 ರೂಪಾಯಿ ಎಂದು ಆ ನಿಯಮ ಹೇಳಿತು. ಹೊಸ ನೋಂದಣಿಗೆ 'ವಿಎ' ಅಕ್ಷರಗಳ ಸಂಖ್ಯೆ. ಈಗಾಗಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಇಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇತ್ಯಾದಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.

ಇದರ ಅರ್ಥವೇನು ಗಮನಿಸಿ. ತೋಟದಲ್ಲಿ ಅಡಿಕೆ, ಗೊಬ್ಬರ ಹೊತ್ತು ಬದುಕಿದ ಪಿಕಪ್, ಬದುಕುವ ಸಲುವಾಗಿಯೇ ಡೀಸೆಲ್ ಎಂಜಿನ್ ಹಾಕಿಸಿಕೊಂಡಿರುತ್ತದೆ. ಯಾವುದು ಅದನ್ನು ಗುಜರಿಯಿಂದ ಉಳಿಸಿತೋ ಅದೇ ಅದನ್ನು ವಿಂಟೇಜ್ ಪಟ್ಟದಿಂದ ದೂರ ಇಡುತ್ತದೆ! ಮೇಲಾಗಿ ಆರ್.ಸಿ.ಯಲ್ಲಿ ಅದು ಸರಕು ವಾಹನ ಎಂದಿದ್ದರೆ ವಿಂಟೇಜ್ ದಾರಿ ಸಲೀಸಲ್ಲ. ಸರಕು ವಾಹನವಾಗಿಯೇ ಮುಂದುವರಿಸಿದರೆ ಪ್ರತಿವರ್ಷ ಎಫ್.ಸಿ. ಮಾಡಿಸುವ ಹೊರೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಆರ್.ಸಿ. ಪ್ರತಿಯನ್ನು ಹಿಡಿದು ಶಿವಮೊಗ್ಗದ ಆರ್‌ಟಿಓ ಕಚೇರಿಗೆ ಹೋಗಿ, ಈ ಗಾಡಿ ಯಾವ ವರ್ಗದಲ್ಲಿ ಮುಂದುವರಿಯಬಹುದು ಎಂದು ಕೇಳಿ. ಒಂದು ಬೆಳಗಿನ ಓಡಾಟ ಮುಂದಿನ ಹನ್ನೆರಡು ವರ್ಷ ಉಳಿಸುತ್ತದೆ.

ಅಯಸ್ಕಾಂತ ಮತ್ತು ಸುತ್ತಿಗೆ

ಕಾಗದ ಸರಿಯಿದ್ದರೆ ಈಗ ಗಾಡಿಯ ಕೆಳಗೆ ಮಲಗಿ. ಬೇಕಾದದ್ದು ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ.

ತುಕ್ಕು ಎಂದರೆ ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿ ಆಗುವ ಹೊಸ ಪದಾರ್ಥ. ಅದು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡು ಸೇರುವ ಕಡೆ ನೀರು ನಿಂತು ತುಕ್ಕು ಹುಟ್ಟಿದರೆ, ಅದು ಉಬ್ಬಿ ತಗಡುಗಳನ್ನು ಒಳಗಿನಿಂದಲೇ ಬಿಡಿಸುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರಬಹುದು. ಅಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸಿ. ಕಬ್ಬಿಣವಿದ್ದಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ. ಪುಟ್ಟಿ ತುಂಬಿ ಬಣ್ಣ ಹೊಡೆದಲ್ಲಿ ಜಾರಿ ಬೀಳುತ್ತದೆ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಂಟೆಯಂಥ ಸದ್ದು ಬಂದರೆ ಒಳ್ಳೆಯದು. ಮಂಕು ಸದ್ದು ಬಂದಲ್ಲಿ ತೇಪೆಯೋ ತುಕ್ಕೋ ಇದೆ. ಸ್ಪ್ರಿಂಗ್ ಪ್ಲೇಟುಗಳು ಚಾಸಿಗೆ ಸೇರುವ ಬ್ರಾಕೆಟ್ಟುಗಳನ್ನೂ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗವನ್ನೂ ವಿಶೇಷವಾಗಿ ನೋಡಿ. ಭಾರವೆಲ್ಲ ಜಗ್ಗುವುದು ಅಲ್ಲಿ.

ಬಾಗಿಲು, ಬಾನೆಟ್, ಹಿಂದಿನ ಬಾಡಿ ಹಾಳಾಗಿದ್ದರೆ ಹೆದರಬೇಡಿ. ಒಳ್ಳೆಯ ಟಿಂಕರ್ ಇದ್ದರೆ ತಗಡು ಬಡಿದು ಹೊಸದು ಮಾಡಿಕೊಡುತ್ತಾರೆ. ಈ ವಿಷಯದಲ್ಲಿ ಭದ್ರಾವತಿಯವರು ಪುಣ್ಯವಂತರು. 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಕಾರ್ಖಾನೆ ಊರಿಗೆ ತಲೆಮಾರುಗಟ್ಟಲೆ ಟರ್ನರ್, ಫಿಟ್ಟರ್, ವೆಲ್ಡರ್‌ಗಳನ್ನು ಕೊಟ್ಟಿದೆ. ಅಂಗಡಿಯಲ್ಲಿ ಸಿಗದ ಪಿನ್ನು, ಬುಷ್ಷು ಲೇತಿನಲ್ಲಿ ಹುಟ್ಟುತ್ತದೆ. ಒಂದು ಮಾತು ನೆನಪಿಡಿ: ಅಮೆರಿಕದ ಬೋಲ್ಟುಗಳು ಇಂಚಿನ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ಬೋಲ್ಟು ಗುಂಡಾಗುತ್ತದೆ. ಇಂಚಿನ ಸ್ಪ್ಯಾನರ್ ಸೆಟ್ ನಿಮ್ಮ ಮೊದಲ ಖರ್ಚಾಗಲಿ.

ಎಂಜಿನ್ ಹೇಳುವ ಮಾತು

ವಿಲ್ಲೀಸ್‌ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸುಮಾರು 2,200 ಸಿ.ಸಿ.ಯದು. ಯುದ್ಧಕಾಲದ ಜೀಪಿನಲ್ಲಿ ಅದರ ಶಕ್ತಿ 60 ಕುದುರೆಶಕ್ತಿ. ಇದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ಇಗ್ನಿಷನ್ ಆಫ್ ಮಾಡಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡಲ್ ತೂರಿಸಿ ನಿಧಾನವಾಗಿ ತಿರುಗಿಸಿ. ಪೂರ್ತಿ ಎರಡು ಸುತ್ತಿಗೆ ನಾಲ್ಕು ಬಾರಿ ಬಿಗಿಯಾಗಬೇಕು. ಒಂದು ಕಡೆ ಸಡಿಲವಾಗಿ ಜಾರಿದರೆ ಆ ಸಿಲಿಂಡರಿನ ವಾಲ್ವೋ ರಿಂಗೋ ಸೋತಿದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ. ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಂದಕ್ಕೆ ಒದೆದರೆ ಮೂಳೆ ಮುರಿಯುವುದು ಹೆಬ್ಬೆರಳಿನದು.

ಹೊಗೆಯನ್ನೂ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಸಿಯಾದ ಮೇಲೂ ಬಿಳಿ ಆವಿ ನಿಲ್ಲದಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಇವೆಲ್ಲ ದುರಸ್ತಿಯಾಗುವ ರೋಗಗಳೇ. ಅದಕ್ಕೇ ಎಂಜಿನ್ನಿಗೆ ಕೊನೆಯ ಸ್ಥಾನ ಕೊಟ್ಟದ್ದು.

ಇಟ್ಟುಕೊಳ್ಳುವುದು

ಇಂಧನದ ಬಗ್ಗೆ ಎರಡು ಮಾತು. ಈ ಎಂಜಿನ್‌ಗಳ ಕಂಪ್ರೆಷನ್ ಅನುಪಾತ ಸುಮಾರು ಆರೂವರೆ ಮಾತ್ರ. ಹೀಗಾಗಿ ದುಬಾರಿ ಹೈ-ಆಕ್ಟೇನ್ ಪೆಟ್ರೋಲ್ ಹಾಕಿದರೆ ಹೆಚ್ಚು ಶಕ್ತಿ ಬರುವುದಿಲ್ಲ. ಸಾಮಾನ್ಯ ಪೆಟ್ರೋಲ್ ಧಾರಾಳ ಸಾಕು. ಆದರೆ 2023ರಿಂದ ನಮ್ಮ ಬಂಕುಗಳಿಗೆ ಬರತೊಡಗಿದ, ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರು, ಕಾರ್ಕ್ ಗ್ಯಾಸ್ಕೆಟ್ಟುಗಳಿಗೆ ಒಗ್ಗುವುದಿಲ್ಲ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಇಂಧನದ ಪೈಪು, ಪಂಪಿನ ಡಯಾಫ್ರಾಮ್‌ಗಳನ್ನು ಎಥೆನಾಲ್ ತಾಳುವ ಬಗೆಯವಕ್ಕೆ ಬದಲಿಸಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಡಬೇಡಿ.

ಹಲವು ಹಳೆಯ ಗಾಡಿಗಳ ವಿದ್ಯುತ್ 6 ವೋಲ್ಟಿನದು. 30 ವ್ಯಾಟ್‌ನ ಬಲ್ಬಿಗೆ 12 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಸಾಕು. 6 ವೋಲ್ಟಿನಲ್ಲಿ ಐದು ಬೇಕು. ಕರೆಂಟು ಇಮ್ಮಡಿಯಾದರೆ ಅದೇ ತಂತಿಯಲ್ಲಿ ನಷ್ಟ ನಾಲ್ಕು ಪಟ್ಟು. ಆದ್ದರಿಂದ ದಪ್ಪ ಕೇಬಲ್ಲು, ಉಜ್ಜಿ ಸ್ವಚ್ಛಗೊಳಿಸಿದ ಅರ್ಥ್ ಕನೆಕ್ಷನ್ ಬೇಕೇಬೇಕು. 'ಬ್ಯಾಟರಿ ಸರಿಯಿಲ್ಲ' ಎಂದು ದೂರುವ ಎಷ್ಟೋ ಕಡೆ ತಪ್ಪು ತಂತಿಯದಾಗಿರುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ಈ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಆಯಿಲ್ ದಾರಿ. ಒಂದು ಚಕ್ರದ ಬಳಿ ಸೋರಿದರೂ ನಾಲ್ಕೂ ಹೋಗುತ್ತವೆ. ಕೆಮ್ಮಣ್ಣುಗುಂಡಿ ಘಾಟಿಯಲ್ಲಿ ಇಳಿಯುವಾಗ ಇದು ಗೊತ್ತಾಗಬಾರದು. ಕೊಂಡ ಕೂಡಲೇ ಮಾಸ್ಟರ್ ಸಿಲಿಂಡರ್, ವಾಷರ್, ಹೋಸು ಎಲ್ಲವನ್ನೂ ಬದಲಿಸಿ. ಇಳಿಜಾರಿನಲ್ಲಿ ಹತ್ತುವಾಗಿನ ಗೇರಿನಲ್ಲೇ ಇಳಿಯಿರಿ. ಮೊದಲ ಗೇರಿಗೆ ಸಿಂಕ್ರೊಮೆಷ್ ಇಲ್ಲದ ಗಾಡಿಯಾದರೆ ಪೂರ್ತಿ ನಿಲ್ಲಿಸಿಯೇ ಹಾಕಿ.

ಹಣದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಕೊಂಡ ಬೆಲೆಯಷ್ಟನ್ನೇ ದುರಸ್ತಿಗೆ ಬದಿಗಿಡಲು ಆಗದಿದ್ದರೆ ಒಂದು ವರ್ಷ ಕಾಯುವುದು ಒಳ್ಳೆಯದು. ಅರ್ಧ ಬಿಚ್ಚಿದ ಗಾಡಿಗಿಂತ ಬೇಗ ಹಾಳಾಗುವ ವಸ್ತು ಇನ್ನೊಂದಿಲ್ಲ.

ನಿಮಗೆ ಬೇಕಾದದ್ದು ಕೆಲಸದ ಗಾಡಿಯೋ, ನೆನಪಿನ ಗಾಡಿಯೋ? ಇದನ್ನು ಮನೆಯವರ ಜೊತೆ ಕುಳಿತು ಮೊದಲೇ ತೀರ್ಮಾನಿಸಿ. ಕೆಲಸಕ್ಕಾದರೆ ಇಂದಿನ ಪಿಕಪ್‌ಗಳೇ ಮೇಲು. ನೆನಪಿಗಾದರೆ, ಮೂಲ ಎಂಜಿನ್ ಉಳಿದಿರುವ, ಕಾಗದ ನೇರವಾಗಿರುವ ಗಾಡಿಯನ್ನು ತಾಳ್ಮೆಯಿಂದ ಹುಡುಕಿ.

ಕಳೆದ ಸಲ ಊರಿಗೆ ಹೋದಾಗ ಮಾವನನ್ನು ಕೇಳಿದೆ, ಈಗ ಇನ್ನೊಂದು ಸಿಕ್ಕಿದರೆ ತಗೊಳ್ತೀರಾ ಎಂದು. "ತಗೊಳ್ತೀನಪ್ಪಾ. ಆದರೆ ಈ ಸಲ ಮೊದಲು ಕನ್ನಡಕ ಹಾಕ್ಕೊಂಡು ಪುಸ್ತಕ ಓದ್ತೀನಿ, ಆಮೇಲೆ ಹ್ಯಾಂಡಲ್ ಹೊಡೀತೀನಿ" ಎಂದರು. ನಾನು ಇಷ್ಟು ಉದ್ದ ಬರೆದದ್ದರ ಸಾರವೂ ಅದೇ.