ತಲೆಬುಡ ಇರುವ ಸಂಖ್ಯೆ

ಮೂಡಿಗೆರೆಯಲ್ಲಿ ಒಂದು ಶಾಲಾ ಕಾರ್ಯಕ್ರಮ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಮೈಕಿಲ್ಲದೆ ಶಕುಂತಲಾ ದೇವಿಯವರ ಕಥೆ ಹೇಳ್ತಿದ್ದೆ. ಕಳಸದ ಕಡೆಯ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಅದೆಲ್ಲ ದೇವರು ಕೊಟ್ಟಿದ್ದು. ನಮಗೆ ಲೆಕ್ಕ ಹತ್ತಲ್ಲ. ಪಿಯುಸಿಗೆ ಸೈನ್ಸ್ ಬೇಡ ಅಂತ ಮನೇಲೂ ಹೇಳಿದಾರೆ."

ನನಗೆ ಚುರ್ ಅಂತು. ಆ ಕಥೆಯನ್ನು ಪವಾಡ ಮಾಡಿದ್ದು ಟಿವಿಯವರಾದ ನಾವೇ. "ಕಂಪ್ಯೂಟರನ್ನೇ ಸೋಲಿಸಿದ ಕನ್ನಡತಿ" ಅಂತ ಸ್ಕ್ರೋಲ್ ಓಡಿಸಿ ಬ್ರೇಕ್‌ಗೆ ಹೋಗಿಬಿಡ್ತೀವಿ. ಆ ಸಂಖ್ಯೆಯನ್ನು ಮಾತ್ರ ಬಿಚ್ಚಿ ನೋಡಲ್ಲ.

ನೋಡೋಣ ಬನ್ನಿ. 1977, ಅಮೆರಿಕದ ಡಲ್ಲಾಸ್, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. ಅವರ ಮುಂದಿಟ್ಟಿದ್ದು 201 ಅಂಕಿಗಳ ಸಂಖ್ಯೆ. ಯಾವ ಸಂಖ್ಯೆಯನ್ನು 23 ಸಲ ಇಟ್ಟು ಗುಣಿಸಿದರೆ ಇದು ಬರುತ್ತೆ ಅನ್ನೋದು ಪ್ರಶ್ನೆ. 50 ಸೆಕೆಂಡಿನಲ್ಲಿ ಉತ್ತರ ಬಂತು: 546372891.

ತಲೆಬುಡ ಅರ್ಥವಾಗದ ಸಂಖ್ಯೆ ಅನ್ಸುತ್ತೆ ಅಲ್ವಾ? ಅದಕ್ಕೆ ತಲೆಯೂ ಇದೆ, ಬುಡವೂ ಇದೆ. ಮೊದಲ ಅಂಕಿ 9, ಕೊನೆಯದು 1.

ಬುಡದಿಂದ ಶುರು ಮಾಡೋಣ. 3ನ್ನು 3ರಿಂದ ಗುಣಿಸುತ್ತಾ ಹೋಗಿ. ಕೊನೆಯ ಅಂಕಿ 3, 9, 7, 1, ಮತ್ತೆ 3, 9, 7, 1. ಯಾವ ಅಂಕಿಯಾದರೂ ನಾಲ್ಕು ಹೆಜ್ಜೆಗೊಮ್ಮೆ ಹೀಗೇ ತಿರುಗಿ ಬರುತ್ತೆ. 23ರಲ್ಲಿ ನಾಲ್ಕು ನಾಲ್ಕಾಗಿ ಕಳೆದರೆ ಉಳಿಯೋದು 3. ಅಂದ್ರೆ 23 ಸಲ ಗುಣಿಸಿದರೂ ಮೂರೇ ಸಲ ಗುಣಿಸಿದರೂ ಕೊನೆಯ ಅಂಕಿ ಒಂದೇ. ಇನ್ನು 1ರ ಘನ 1, 2ರದು 8, 3ರದು 27, 4ರದು 64. ಹೀಗೆ ಸೊನ್ನೆಯಿಂದ 9ರವರೆಗೆ ಪ್ರತಿಯೊಂದೂ ಬೇರೆ ಬೇರೆ ಅಂಕಿಯಲ್ಲಿ ಮುಗಿಯುತ್ತೆ. ದೊಡ್ಡ ಸಂಖ್ಯೆಯ ಬುಡ 1 ಆದರೆ ಉತ್ತರದ ಬುಡವೂ 1.

"7ರಲ್ಲಿ ಮುಗಿದಿದ್ದರೆ?" ಅಂತ ಆ ಹುಡುಗಿಯನ್ನೇ ಕೇಳಿದೆ. ಬೆರಳು ಮಡಚಿದಳು. "ಮೂರು ಸರ್."

ತಲೆಗೆ ಲಾಗರಿದಮ್ ಟೇಬಲ್ ಬೇಕು. ಅಂಕಿ 201, ಮೊದಲನೆಯದು 9, ಇಷ್ಟು ಗೊತ್ತಾದರೆ ಉತ್ತರ ಸುಮಾರು 54 ಕೋಟಿ 59 ಲಕ್ಷ ಮತ್ತು 54 ಕೋಟಿ 84 ಲಕ್ಷದ ನಡುವೆಯೇ ಇರಬೇಕು. ಅಲ್ಲಿರೋದು 25 ಲಕ್ಷ ಸಂಖ್ಯೆ. 1ರಲ್ಲಿ ಮುಗಿಯುವಂಥವು ಎರಡೂವರೆ ಲಕ್ಷ. (23 ಅನ್ನೋದೇ ನಮ್ಮನ್ನು ಹೆದರಿಸೋದು. ಘನಮೂಲ ಕೇಳಿದ್ದರೆ ಉತ್ತರವೇ 67 ಅಂಕಿ ಇರ್ತಿತ್ತು!)

ಇಲ್ಲಿವರೆಗೆ ನಾವೂ ಬರಬಹುದು. ಆ ಎರಡೂವರೆ ಲಕ್ಷದಲ್ಲಿ ಒಂದನ್ನು 50 ಸೆಕೆಂಡಿನೊಳಗೆ ಮನಸ್ಸಿನಲ್ಲೇ ಹೆಕ್ಕಿದ್ದು ಮಾತ್ರ ಶಕುಂತಲಾ ದೇವಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಸರ್ಕಸ್‌ನವರ ಮಗಳು, ಸರಿಯಾಗಿ ಶಾಲೆಗೂ ಹೋದವರಲ್ಲ.

ಹೊರಡುವಾಗ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ಉತ್ತರ ಬರೆದುಕೊಂಡಿದ್ದಳು. "ಸರ್, ಇದರಲ್ಲಿ ಒಂದರಿಂದ ಒಂಬತ್ತರವರೆಗೆ ಎಲ್ಲಾ ಒಂದೊಂದೇ ಸಲ ಇದೆ."

ಎಣಿಸಿದೆ. ಹೌದು. ಇಂಜಿನಿಯರಿಂಗ್ ಓದಿದ ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಕೂಡಿದರೆ 45, ಅಂದ್ರೆ ಉತ್ತರ 9ರಿಂದ ಭಾಗವಾಗುತ್ತೆ. ಹಾಗಾಗಿ ಆ 201 ಅಂಕಿಯ ಸಂಖ್ಯೆಯನ್ನು 9ರಿಂದ ಕನಿಷ್ಠ 23 ಸಲ, ಶೇಷ ಉಳಿಯದಂತೆ ಭಾಗಿಸುತ್ತಾ ಹೋಗಬಹುದು. ಅದನ್ನೂ ಅವಳ ನೋಟ್‌ಬುಕ್ಕಿನಲ್ಲೇ ಬರೆದುಕೊಟ್ಟೆ.