ಕಾಯಿಸದೆ ಹೊರಡುವ ಎಲೆಕ್ಟ್ರಾನ್

ಹಳೆಯ ಡಬ್ಬಿ ಟಿವಿ ಹಾಕಿದರೆ ಮೊದಲು ದನಿ ಬರುತ್ತಿತ್ತು, ಚಿತ್ರಕ್ಕೆ ಒಂದಷ್ಟು ಹೊತ್ತು ಕಾಯಬೇಕಿತ್ತು. ಪಿಕ್ಚರ್ ಟ್ಯೂಬಿನ ಕತ್ತಿನೊಳಗಿನ ಪುಟ್ಟ ಕ್ಯಾಥೋಡ್ ಕಾದು ಕೆಂಪಗಾಗುವವರೆಗೆ ಎಲೆಕ್ಟ್ರಾನ್‌ಗಳು ಹೊರಡುತ್ತಿರಲಿಲ್ಲ. ಆಸ್ಪತ್ರೆಯ ಎಕ್ಸ್-ರೇ ಟ್ಯೂಬುಗಳಲ್ಲಿ ಬಹುಪಾಲು ಇಂದಿಗೂ ಇದೇ ಕ್ರಮ: ಟಂಗ್‌ಸ್ಟನ್ ತಂತಿಯನ್ನು 2000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯಿಸಬೇಕು.

ಕಾಯಿಸದೆಯೂ ಎಲೆಕ್ಟ್ರಾನ್ ಹೊರಡಿಸಬಹುದು. ಬಲವಾದ ವಿದ್ಯುತ್ ಕ್ಷೇತ್ರ ಒಡ್ಡಿದರೆ ಎಲೆಕ್ಟ್ರಾನನ್ನು ಒಳಗೆ ತಡೆದಿಟ್ಟ ಶಕ್ತಿಯ ಗೋಡೆ ತೆಳುವಾಗುತ್ತದೆ. ಎಲೆಕ್ಟ್ರಾನ್ ಆ ಗೋಡೆ ಹತ್ತಿ ದಾಟುವುದಿಲ್ಲ, ತೂರಿಕೊಂಡೇ ಹೊರಬರುತ್ತದೆ. 1928ರಲ್ಲಿ ಫೌಲರ್ ಮತ್ತು ನಾರ್ಡ್‌ಹೈಮ್ ಕ್ವಾಂಟಂ ಸಿದ್ಧಾಂತದಿಂದ ಇದರ ಲೆಕ್ಕ ಬಿಡಿಸಿದರು. ಆದರೆ ಬೇಕಾದ ಕ್ಷೇತ್ರ ಅಸಾಧ್ಯವೆನಿಸುವಷ್ಟು ದೊಡ್ಡದು: ಒಂದು ಮಿಲಿಮೀಟರ್ ಅಂತರಕ್ಕೆ ಕೆಲವು ದಶಲಕ್ಷ ವೋಲ್ಟ್.

ಇಲ್ಲಿ ನೆರವಿಗೆ ಬರುವುದು ಚೂಪು. ಮೊನೆಯ ಬಳಿ ಕ್ಷೇತ್ರ ಒತ್ತೊತ್ತಾಗಿ ಸೇರುತ್ತದೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ವಿವರಿಸಿದ ಕಾರ್ಬನ್ ನ್ಯಾನೊಟ್ಯೂಬ್ ಎಂಬ ಇಂಗಾಲದ ಕೊಳವೆಗಿಂತ ಒಳ್ಳೆಯ ಮೊನೆ ಎಲ್ಲಿದೆ? ಅಗಲ ಕೆಲವೇ ನ್ಯಾನೊಮೀಟರ್, ಎತ್ತರ ಅದರ ಸಾವಿರ ಪಟ್ಟು. 1995ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ಮತ್ತು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡಗಳು ಅದರ ತುದಿಯಿಂದ ಎಲೆಕ್ಟ್ರಾನ್ ಹರಿಸಿ ತೋರಿಸಿದವು.

ತಯಾರಿಗೆ ಒಂದು ದಾರಿ, ನ್ಯಾನೊಟ್ಯೂಬುಗಳನ್ನು ಬೆಳೆಸುವುದು. ಸಿಲಿಕಾನ್ ಬಿಲ್ಲೆಯ ಮೇಲೆ ಕಬ್ಬಿಣದ ಸೂಕ್ಷ್ಮ ಕಣಗಳನ್ನಿಟ್ಟು, ಸುಮಾರು 700 ಡಿಗ್ರಿ ಕುಲುಮೆಯಲ್ಲಿ ಅಸಿಟಿಲೀನ್ ಹಾಯಿಸಿದರೆ ಕಣಕಣದಿಂದಲೂ ಇಂಗಾಲದ ಎಳೆ ಏಳುತ್ತದೆ. ಒತ್ತಾಗಿ ಬೆಳೆದರೆ ಕೆಡುಕು. ಒತ್ತಾದ ಪೈರಿನಲ್ಲಿ ಒಂದರ ನೆರಳು ಇನ್ನೊಂದಕ್ಕೆ ಬಿದ್ದಂತೆ, ಪಕ್ಕದ ಎಳೆ ಕ್ಷೇತ್ರವನ್ನು ಮರೆಮಾಡುತ್ತದೆ. ನಡುವೆ ಎತ್ತರದ ಎರಡು ಪಟ್ಟಿನಷ್ಟು ಜಾಗ ಬಿಡುವುದು ಒಳ್ಳೆಯದೆಂದು ಲೆಕ್ಕಗಳು ಹೇಳುತ್ತವೆ.

ಇನ್ನೊಂದು ದಾರಿ ಅಗ್ಗದ್ದು, ನನಗೆ ಬಲು ಇಷ್ಟವಾದದ್ದು. ನ್ಯಾನೊಟ್ಯೂಬ್ ಪುಡಿಯನ್ನು ಅಂಟು ದ್ರಾವಣದಲ್ಲಿ ಕಲಸಿ ಕಪ್ಪು ಪೇಸ್ಟ್ ಮಾಡಿ, ಲಗ್ನಪತ್ರಿಕೆಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವಂತೆ ಗಾಜಿನ ಮೇಲೆ ಒತ್ತಿ, ಸುಡುತ್ತಾರೆ. ಸುಟ್ಟಾಗ ಎಳೆಗಳೆಲ್ಲ ಅಡ್ಡಡ್ಡ ಹೂತು ಮಲಗಿರುತ್ತವೆ. ಆಗ ಅಂಟು ಟೇಪನ್ನು ಮೇಲೆ ಒತ್ತಿ ಸರ್ರನೆ ಕಿತ್ತರೆ ಮೇಲಿನ ಪದರ ಕಿತ್ತುಬಂದು, ಉಳಿದ ಎಳೆಗಳು ರೋಮಾಂಚನದಲ್ಲಿ ಮೈಗೂದಲು ನಿಮಿರಿದಂತೆ ಎದ್ದು ನಿಲ್ಲುತ್ತವೆ.

ಪರೀಕ್ಷೆ ನಡೆಯುವುದು ನಿರ್ವಾತ ಕೋಣೆಯಲ್ಲಿ. ಮಾದರಿಯ ಎದುರು, ಕೂದಲೆಳೆಯ ಕೆಲವು ಪಟ್ಟು ಅಂತರದಲ್ಲಿ, ಎಲೆಕ್ಟ್ರಾನ್ ಬಡಿದರೆ ಬೆಳಗುವ ಫಾಸ್ಫರ್ ಲೇಪಿಸಿದ ಗಾಜಿನ ಆನೋಡ್. ವೋಲ್ಟೇಜ್ ಮೆಲ್ಲನೆ ಏರಿಸುತ್ತ ಹೋದಂತೆ ಮೊದಲು ಏನೂ ಇಲ್ಲ. ಆಮೇಲೆ ಮೀಟರಿನಲ್ಲಿ ಕರೆಂಟು, ಗಾಜಿನ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ. ಕರೆಂಟನ್ನು ವೋಲ್ಟೇಜಿನ ವರ್ಗದಿಂದ ಭಾಗಿಸಿ, ಅದರ ಲಾಗರಿದಮ್ಮನ್ನು ವೋಲ್ಟೇಜಿನ ವಿಲೋಮದ ಎದುರು ಗ್ರಾಫ್ ಹಾಕಿದರೆ ಇಳಿಯುವ ನೇರ ಗೆರೆ ಬರಬೇಕು. ಬಂದರೆ ಫೌಲರ್–ನಾರ್ಡ್‌ಹೈಮ್ ಲೆಕ್ಕ ಒಪ್ಪಿತು. ಗೆರೆಯ ಇಳಿಜಾರಿನಿಂದ, ಮೊನೆ ಕ್ಷೇತ್ರವನ್ನು ಎಷ್ಟು ಪಟ್ಟು ಹಿಗ್ಗಿಸಿದೆಯೆಂದು ತಿಳಿಯುತ್ತದೆ. ಸಾವಿರ ಪಟ್ಟು ಅಪರೂಪವಲ್ಲ.

ಆದರೆ ಗ್ರಾಫ್ ಚೆನ್ನಾಗಿದ್ದರೆ ಸಾಲದು. ಎಲ್ಲಕ್ಕಿಂತ ಎತ್ತರದ ಎಳೆಯೇ ಹೆಚ್ಚು ಕರೆಂಟು ಹೊತ್ತು, ಕಾದು, ಉರಿದುಹೋಗುತ್ತದೆ. ಕೆಲವೊಮ್ಮೆ ಕಿಡಿ ಹಾರಿ ಸುತ್ತಲಿನವನ್ನೂ ಸುಡುತ್ತದೆ. ಕೋಣೆಯಲ್ಲಿ ಉಳಿದ ಅನಿಲ ಅಯಾನುಗಳಾಗಿ ಹಿಂದಕ್ಕೆ ಬಡಿದು ಮೊನೆಗಳನ್ನು ಸವೆಸುತ್ತದೆ. 1999ರಲ್ಲಿ ಸ್ಯಾಮ್‌ಸಂಗ್ ಈ ತಂತ್ರದ 4.5 ಇಂಚಿನ ಪರದೆ ತೋರಿಸಿತು. ಪರದೆಯಲ್ಲಿ ಪ್ರತಿ ಚುಕ್ಕಿಯೂ ಒಂದೇ ಸಮ ಬೆಳಗಬೇಕು, ವರ್ಷಗಟ್ಟಲೆ. ಆ ಮಾರುಕಟ್ಟೆ ಕೊನೆಗೆ ಎಲ್‌ಸಿಡಿಯ ಪಾಲಾಯಿತು. ಎಕ್ಸ್-ರೇಗೆ ಅಂಥ ಹಟವಿಲ್ಲ. ಅಲ್ಲಿ ಬೇಕಾದದ್ದು ತಕ್ಷಣ ಹೊತ್ತಿ ತಕ್ಷಣ ಆರುವ ಗುಣ; ಹಲವು ಮೂಲಗಳನ್ನು ಸಾಲಾಗಿಟ್ಟು ಒಂದೊಂದಾಗಿ ಚಾಲೂ ಮಾಡಿದರೆ, ಟ್ಯೂಬನ್ನು ಸರಿಸದೆಯೇ ಬೇರೆ ಬೇರೆ ಕೋನದ ಚಿತ್ರ ಸಿಗುತ್ತದೆ.

ಎತ್ತರದ ಎಳೆಗಳು ಉರಿದು ಸುತ್ತಲಿನವನ್ನೂ ಕೆಡಿಸದಿರಲೆಂದು ಹೊಸ ಮಾದರಿಯನ್ನು ಮೊದಲು ಪಳಗಿಸುತ್ತಾರೆ. ಕರೆಂಟನ್ನು ಹಂತಹಂತವಾಗಿ ಏರಿಸಿ, ಅತಿ ಉದ್ದದ ಎಳೆಗಳು ತಾವಾಗಿ ಉರಿದು ಮೋಟಾಗಲು ಬಿಡುತ್ತಾರೆ. ಗಾಜಿನ ಮೇಲೆ ಕಣ್ಣು ಕುಕ್ಕುತ್ತಿದ್ದ ಒಂದೆರಡು ಚುಕ್ಕಿಗಳು ಆರುತ್ತವೆ; ಅದುವರೆಗೆ ಕಪ್ಪಗಿದ್ದ ಜಾಗದಲ್ಲಿ ನೂರಾರು ಸಣ್ಣ ಚುಕ್ಕಿಗಳು ಹೊತ್ತಿಕೊಳ್ಳುತ್ತವೆ.